ವಾಹನದ ಡ್ಯಾಶ್‌ಬೋರ್ಡ್ ಸ್ವಿಚ್ಚಿನ ಬಲ್ಬ್ ಕೆಟ್ಟಾಗ: ಪತ್ತೆ, ಬದಲಾವಣೆ ಮತ್ತು ದಾಖಲೆ

(ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)

ಪೀಠಿಕೆ

ಸ್ವಚ್ಛ ಭಾರತ ಅಭಿಯಾನ (ಗ್ರಾಮೀಣ) ಯೋಜನೆಯಡಿ ರಾಜ್ಯದ ಗ್ರಾಮ ಪಂಚಾಯತಿಗಳು ಮನೆ ಮನೆಯಿಂದ ತ್ಯಾಜ್ಯ ಸಂಗ್ರಹಿಸಲು ಸ್ವಚ್ಛ ವಾಹಿನಿ ವಾಹನಗಳನ್ನು ಬಳಸುತ್ತಿವೆ. ಅನೇಕ ಪಂಚಾಯತಿಗಳಲ್ಲಿ ಸ್ವಸಹಾಯ ಗುಂಪುಗಳ ಒಕ್ಕೂಟದ ಮಹಿಳೆಯರೇ ಚಾಲನಾ ತರಬೇತಿ ಪಡೆದು ಈ ವಾಹನಗಳನ್ನು ನಡೆಸುತ್ತಿದ್ದಾರೆ. ವಾಹನ ಹಳೆಯದಾದಂತೆ ಸಣ್ಣಪುಟ್ಟ ದುರಸ್ತಿಗಳ ಬಿಲ್ಲುಗಳು ಪಂಚಾಯತಿಯ ಮುಂದೆ ಬರತೊಡಗುತ್ತವೆ. ಅಂತಹ ದುರಸ್ತಿಗಳಲ್ಲಿ ಅತಿ ಚಿಕ್ಕದೆಂದು ಕಡೆಗಣಿಸಲ್ಪಡುವುದು ಡ್ಯಾಶ್‌ಬೋರ್ಡಿನ ಸ್ವಿಚ್ಚಿನೊಳಗಿನ ಬಲ್ಬಿನದು.

ಈ ಬಲ್ಬ್ ಆರಿದಾಗ ಸಾಮಾನ್ಯವಾಗಿ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ಒಂದು, ವಾಹನ ಓಡುತ್ತಿದೆಯಲ್ಲ ಎಂದು ಅದನ್ನು ತಿಂಗಳುಗಟ್ಟಲೆ ಹಾಗೆಯೇ ಬಿಡುವುದು. ಎರಡು, ಕೆಟ್ಟಿರುವುದು ಏನೆಂದು ಪರೀಕ್ಷಿಸದೆ ಇಡೀ ಸ್ವಿಚ್ಚನ್ನೋ ವೈರಿಂಗನ್ನೋ ಬದಲಿಸಿ ಸಾರ್ವಜನಿಕ ಹಣ ವ್ಯಯಿಸುವುದು. ಮೊದಲನೆಯದರಿಂದ ಚಾಲಕಿಯ ಸುರಕ್ಷತೆಗೆ ಧಕ್ಕೆ. ಎರಡನೆಯದರಿಂದ ಪಂಚಾಯತಿಯ ನಿಧಿಗೆ ನಷ್ಟ. ಬಲ್ಬ್ ಬದಲಿಸುವ ಕೆಲಸವನ್ನು ಸದಸ್ಯರು ಸ್ವತಃ ಮಾಡಬೇಕಾಗಿಲ್ಲ. ಆದರೆ ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದಿದ್ದರೆ, ದುರಸ್ತಿ ಅಗತ್ಯವೇ, ಎಷ್ಟು ಅಗತ್ಯ, ಬಿಲ್ಲು ಸರಿಯೇ ಎಂಬುದನ್ನು ಅವರು ನಿರ್ಧರಿಸಬಲ್ಲರು. ಆ ತಿಳಿವಳಿಕೆಯನ್ನು ಒದಗಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ. ಕಾರು, ಜೀಪು ಹಾಗೂ ಸಣ್ಣ ಸರಕು ವಾಹನಗಳಲ್ಲಿ ಸ್ವಿಚ್ಚಿನ ರಚನೆ ಬಹುಮಟ್ಟಿಗೆ ಒಂದೇ ಬಗೆಯಾಗಿರುವುದರಿಂದ ಇಲ್ಲಿನ ವಿವರಗಳು ಇವೆಲ್ಲಕ್ಕೂ ಅನ್ವಯಿಸುತ್ತವೆ.

1. ಸ್ವಿಚ್ಚಿನೊಳಗೆ ಇರುವುದೇನು

ಡ್ಯಾಶ್‌ಬೋರ್ಡಿನ ಒತ್ತುವ ಸ್ವಿಚ್ಚಿನಲ್ಲಿ ಎರಡು ಪ್ರತ್ಯೇಕ ಭಾಗಗಳಿರುತ್ತವೆ. ಒಂದು, ವಿದ್ಯುತ್ತನ್ನು ಸೇರಿಸುವ ಮತ್ತು ಕಡಿಯುವ ಲೋಹದ ಸಂಪರ್ಕಗಳು. ಇನ್ನೊಂದು, ಸ್ವಿಚ್ಚಿನ ಮೇಲಿನ ಚಿಹ್ನೆಯನ್ನು ಬೆಳಗಿಸುವ ಪುಟ್ಟ ಬಲ್ಬ್. ಬಲ್ಬ್ ಸುಟ್ಟುಹೋದರೂ ಸ್ವಿಚ್ಚು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಆದುದರಿಂದ ಸ್ವಿಚ್ಚಿನ ದೀಪ ಉರಿಯುತ್ತಿಲ್ಲವೆಂದ ಮಾತ್ರಕ್ಕೆ ಸ್ವಿಚ್ಚು ಕೆಟ್ಟಿದೆ ಎಂದು ತೀರ್ಮಾನಿಸಲಾಗದು.

ಈ ಬಲ್ಬುಗಳಲ್ಲಿಯೂ ಎರಡು ಬಗೆಗಳಿವೆ.

(ಅ) ಬೆಳಗುವ ಬಲ್ಬ್: ಪಾರ್ಕಿಂಗ್ ದೀಪ ಅಥವಾ ಹೆಡ್‌ಲೈಟ್ ಹಾಕಿದಾಗ ಇದು ಉರಿದು, ಕತ್ತಲಲ್ಲಿ ಸ್ವಿಚ್ಚು ಎಲ್ಲಿದೆ ಎಂಬುದನ್ನು ತೋರಿಸುತ್ತದೆ. ಸ್ವಿಚ್ಚು ಚಾಲೂ ಆಗಿದೆಯೇ ಇಲ್ಲವೇ ಎಂಬುದನ್ನು ಇದು ಹೇಳುವುದಿಲ್ಲ.

(ಆ) ಸೂಚಕ ಬಲ್ಬ್: ಸ್ವಿಚ್ಚು ಚಾಲೂ ಆದಾಗ ಮಾತ್ರ ಇದು ಉರಿಯುತ್ತದೆ. ಕೆಂಪು ತ್ರಿಕೋನದ ಗುರುತಿರುವ ಹಝಾರ್ಡ್ ಸ್ವಿಚ್ಚಿನಲ್ಲಿ ಇದು ಹೊರಗಿನ ಇಂಡಿಕೇಟರ್ ದೀಪಗಳೊಂದಿಗೆ ಮಿನುಗುತ್ತದೆ. ಫಾಗ್ ಲ್ಯಾಂಪಿನ ಸ್ವಿಚ್ಚಿನಲ್ಲಿ ಸ್ಥಿರವಾಗಿ ಉರಿಯುತ್ತದೆ.

ಕೆಲವು ಸ್ವಿಚ್ಚುಗಳಲ್ಲಿ ಎರಡೂ ಬಲ್ಬುಗಳು ಅಕ್ಕಪಕ್ಕದಲ್ಲಿರುತ್ತವೆ. ದುರಸ್ತಿಗೆ ಮುನ್ನ ಯಾವುದು ಆರಿದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ.

2. ಈ ಚಿಕ್ಕ ಬಲ್ಬ್ ಏಕೆ ಮುಖ್ಯ

ತ್ಯಾಜ್ಯ ಸಂಗ್ರಹಣೆಯ ವಾಹನ ಇತರ ವಾಹನಗಳಂತೆ ಒಂದೇ ಸಮನೆ ಓಡುವಂಥದಲ್ಲ. ನಾಲ್ಕು ಮನೆಗೊಮ್ಮೆ ರಸ್ತೆಯ ಬದಿಯಲ್ಲಿ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಕೆಲಸ ಆರಂಭವಾಗುವುದೂ ಬೆಳಗಿನ ಹೊತ್ತಿನಲ್ಲಿ. ಮಲೆನಾಡಿನಲ್ಲಿ ಮಂಜು ಮತ್ತು ಮಳೆ, ಬಯಲುಸೀಮೆಯಲ್ಲಿ ಧೂಳು ಹಾಗೂ ಹೆದ್ದಾರಿಗೆ ಹೊಂದಿಕೊಂಡ ಊರುಗಳಲ್ಲಿ ವೇಗವಾಗಿ ಬರುವ ಲಾರಿಗಳು ಇವರಿಗೆ ದಿನನಿತ್ಯದ ಸವಾಲುಗಳು. ತಿರುವಿನಲ್ಲಿ ವಾಹನ ನಿಲ್ಲಿಸಬೇಕಾಗಿ ಬಂದಾಗ ಹಿಂದಿನವರಿಗೆ ಎಚ್ಚರಿಕೆ ನೀಡುವ ಸಾಧನವೆಂದರೆ ಹಝಾರ್ಡ್ ದೀಪಗಳು.

ಚಾಲಕಿ ತನ್ನ ಆಸನದಲ್ಲಿ ಕುಳಿತು ಹೊರಗಿನ ದೀಪಗಳನ್ನು ನೋಡಲಾರಳು. ಅವು ಮಿನುಗುತ್ತಿವೆ ಎಂಬುದಕ್ಕೆ ಆಕೆಗೆ ದೊರೆಯುವ ಸಾಕ್ಷಿ ಸ್ವಿಚ್ಚಿನ ಅಥವಾ ಮೀಟರ್ ಫಲಕದ ಸೂಚಕ ಬಲ್ಬ್ ಮತ್ತು ಫ್ಲ್ಯಾಷರಿನ ಟಿಕ್ ಟಿಕ್ ಸದ್ದು. ಎಂಜಿನ್ನಿನ ಸದ್ದು ಮತ್ತು ಧ್ವನಿವರ್ಧಕದ ಹಾಡಿನ ನಡುವೆ ಆ ಟಿಕ್ ಟಿಕ್ ಕೇಳಿಸುವುದಿಲ್ಲ. ಬಲ್ಬೂ ಆರಿದ್ದರೆ ಸ್ವಿಚ್ಚು ಚಾಲೂ ಆಗಿದೆಯೋ ಇಲ್ಲವೋ ತಿಳಿಯದೆ ಆಕೆ ಅದನ್ನು ಎರಡು ಬಾರಿ ಒತ್ತಬಹುದು. ಅಂದರೆ ಹಾಕಿದ್ದನ್ನೇ ಆರಿಸಿಬಿಡಬಹುದು.

ಇನ್ನೊಂದು ಪರಿಣಾಮವೂ ಇದೆ. ಹಝಾರ್ಡ್ ದೀಪಗಳು ಕೀ ತೆಗೆದ ಮೇಲೂ ಉರಿಯುವಂತೆ ನೇರವಾಗಿ ಬ್ಯಾಟರಿಗೆ ಜೋಡಿಸಲ್ಪಟ್ಟಿರುತ್ತವೆ. ಸಾಮಾನ್ಯವಾಗಿ ನಾಲ್ಕು ಮೂಲೆಗಳಲ್ಲಿ 21 ವ್ಯಾಟಿನ ಬಲ್ಬುಗಳಿರುತ್ತವೆ. ಅವು ಒಟ್ಟಿಗೆ ಉರಿದ ಕ್ಷಣದಲ್ಲಿ 84 ವ್ಯಾಟ್, ಅಂದರೆ 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 7 ಆಂಪಿಯರ್ ಎಳೆಯುತ್ತವೆ. ಅರ್ಧ ಸಮಯ ಆರಿರುತ್ತವೆ ಎಂದು ಲೆಕ್ಕ ಹಿಡಿದರೂ ಸರಾಸರಿ 3.5 ಆಂಪಿಯರ್ ಖರ್ಚಾಗುತ್ತದೆ. ಸೂಚಕ ಬಲ್ಬ್ ಆರಿದ ವಾಹನವನ್ನು ಹಝಾರ್ಡ್ ಹಾಕಿಯೇ ಶೆಡ್ಡಿನಲ್ಲಿ ಬಿಟ್ಟು ಹೋದರೆ, ಮರುದಿನ ಬೆಳಿಗ್ಗೆ ಬ್ಯಾಟರಿ ಇಳಿದು ವಾಹನ ಚಾಲೂ ಆಗದೆ ಇರುವ ಸಾಧ್ಯತೆ ಹೆಚ್ಚು. ಅಂದು ಇಡೀ ಗ್ರಾಮದ ತ್ಯಾಜ್ಯ ಸಂಗ್ರಹಣೆ ನಿಲ್ಲುತ್ತದೆ. ಕೆಟ್ಟಿದ್ದು ಬ್ಯಾಟರಿ ಎಂಬ ತಪ್ಪು ತೀರ್ಮಾನದಿಂದ ಹೊಸ ಬ್ಯಾಟರಿಯ ಬೇಡಿಕೆಯೂ ಬರಬಹುದು.

3. ಬಲ್ಬ್ ಏಕೆ ಕೆಡುತ್ತದೆ

ಹಳೆಯ ಬಗೆಯ ಬಲ್ಬಿನೊಳಗೆ ಕೂದಲಿಗಿಂತ ಸಣ್ಣದಾದ ಟಂಗ್‌ಸ್ಟನ್ ತಂತಿಯೊಂದು ಇರುತ್ತದೆ. ಇದನ್ನು ಫಿಲಮೆಂಟ್ ಎನ್ನುತ್ತಾರೆ. ವಿದ್ಯುತ್ ಹರಿದಾಗ ಅದು ಕಾದು ಬೆಳಕು ನೀಡುತ್ತದೆ. ಪ್ರತಿ ಬಾರಿ ಕಾದಾಗಲೂ ಲೋಹದ ಅತ್ಯಲ್ಪ ಭಾಗ ಆವಿಯಾಗಿ, ತಂತಿ ತೆಳುವಾಗುತ್ತಾ ಹೋಗಿ ಒಂದು ದಿನ ತುಂಡಾಗುತ್ತದೆ. ಕೆಟ್ಟ ಬಲ್ಬಿನ ಗಾಜು ಒಳಗಿನಿಂದ ಕಪ್ಪಾಗಿ ಕಾಣುವುದು ಈ ಆವಿ ಗಾಜಿಗೆ ಅಂಟಿಕೊಂಡಿರುವುದರಿಂದ. ಹಳ್ಳಕೊಳ್ಳದ ರಸ್ತೆಯ ಕುಲುಕಾಟದಿಂದಲೂ ತಂತಿ ತುಂಡಾಗುತ್ತದೆ.

ವೋಲ್ಟೇಜಿನ ವಿಷಯವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ಸುಮಾರು 13.5ರಿಂದ 14.5 ವೋಲ್ಟ್ ಇರುವುದು ಸಹಜ. ಫಿಲಮೆಂಟ್ ಬಲ್ಬಿನ ಆಯುಷ್ಯ ವೋಲ್ಟೇಜಿಗೆ ಬಹಳ ಸೂಕ್ಷ್ಮವಾಗಿ ಸ್ಪಂದಿಸುತ್ತದೆ: ವೋಲ್ಟೇಜ್ ಶೇ. 5ರಷ್ಟು ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ಒಂದೇ ವಾಹನದಲ್ಲಿ ಬಲ್ಬುಗಳು ಪದೇ ಪದೇ ಸುಡುತ್ತಿದ್ದರೆ ದೋಷ ಬಲ್ಬಿನಲ್ಲಿರದೆ ಚಾರ್ಜಿಂಗ್ ವ್ಯವಸ್ಥೆಯಲ್ಲಿರಬಹುದು. ಎಂಜಿನ್ ಓಡುತ್ತಿರುವಾಗ 15 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ವೋಲ್ಟೇಜ್ ನಿಯಂತ್ರಕವನ್ನು ಪರೀಕ್ಷಿಸತಕ್ಕದ್ದು. ಇಲ್ಲವಾದಲ್ಲಿ ಬಲ್ಬಿನೊಂದಿಗೆ ಬ್ಯಾಟರಿಯೂ ಹಾಳಾಗುತ್ತದೆ.

4. ಕೆಟ್ಟಿರುವುದು ಬಲ್ಬೇ ಎಂದು ಖಚಿತಪಡಿಸಿಕೊಳ್ಳುವ ಕ್ರಮ

ಯಾವುದನ್ನೂ ಬಿಚ್ಚುವ ಮೊದಲು, ಚಾಲಕಿಯ ಆಸನದಲ್ಲಿ ಕುಳಿತೇ ಮಾಡಬಹುದಾದ ಪರೀಕ್ಷೆಗಳಿವೆ. ಇವಕ್ಕೆ ಐದು ನಿಮಿಷ ಸಾಕು, ಖರ್ಚೇನೂ ಇಲ್ಲ.

ಮೊದಲಿಗೆ ಪಾರ್ಕಿಂಗ್ ದೀಪ ಹಾಕಿ ಡ್ಯಾಶ್‌ಬೋರ್ಡಿನ ಎಲ್ಲ ಸ್ವಿಚ್ಚುಗಳನ್ನು ನೋಡತಕ್ಕದ್ದು. ನಂತರ ಹಝಾರ್ಡ್ ಸ್ವಿಚ್ಚು ಒತ್ತಿ, ಇನ್ನೊಬ್ಬರು ಹೊರಗೆ ನಿಂತು ನಾಲ್ಕೂ ದೀಪಗಳನ್ನು ಗಮನಿಸತಕ್ಕದ್ದು. ಕಂಡುಬಂದ ಲಕ್ಷಣಕ್ಕೆ ಅನುಗುಣವಾಗಿ ಮುಂದಿನ ಕ್ರಮ ಹೀಗಿರುತ್ತದೆ:

(ಅ) ಒಂದೇ ಸ್ವಿಚ್ಚಿನ ದೀಪ ಆರಿದೆ, ಉಳಿದವೆಲ್ಲ ಉರಿಯುತ್ತಿವೆ: ಆ ಸ್ವಿಚ್ಚಿನ ಬಲ್ಬ್ ಕೆಟ್ಟಿರುವ ಸಂಭವವೇ ಹೆಚ್ಚು. ಬಲ್ಬ್ ಬದಲಿಸಿದರೆ ಸಾಕು.

(ಆ) ಎಲ್ಲ ಸ್ವಿಚ್ಚುಗಳ ದೀಪ ಒಟ್ಟಿಗೆ ಆರಿವೆ: ಎಲ್ಲ ಬಲ್ಬುಗಳೂ ಒಂದೇ ದಿನ ಕೆಡುವುದಿಲ್ಲ. ಕೆಲವು ವಾಹನಗಳಲ್ಲಿ ಡ್ಯಾಶ್‌ಬೋರ್ಡಿನ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿ ಇರುತ್ತದೆ. ಅದು ಪೂರ್ತಿ ಕೆಳಗಿದೆಯೇ ಎಂದು ಮೊದಲು ನೋಡಬೇಕು. ಅನಂತರ ಪಾರ್ಕಿಂಗ್ ದೀಪದ ಫ್ಯೂಸನ್ನು ಪರೀಕ್ಷಿಸಬೇಕು. ಹಿಂಬದಿಯ ಕೆಂಪು ದೀಪಗಳೂ ಆರಿದ್ದರೆ ಫ್ಯೂಸ್ ಸುಟ್ಟಿರುವ ಸಾಧ್ಯತೆ ಹೆಚ್ಚು.

(ಇ) ಹಝಾರ್ಡ್ ಒತ್ತಿದಾಗ ಹೊರಗಿನ ದೀಪಗಳು ಮಿನುಗುತ್ತವೆ, ಸ್ವಿಚ್ಚು ಮಾತ್ರ ಮಿನುಗುವುದಿಲ್ಲ: ಸೂಚಕ ಬಲ್ಬ್ ಕೆಟ್ಟಿದೆ. ಸ್ವಿಚ್ಚು ಸರಿಯಿದೆ.

(ಈ) ತಿರುವಿನ ಇಂಡಿಕೇಟರ್ ಕೆಲಸ ಮಾಡುತ್ತದೆ, ಹಝಾರ್ಡ್ ಒತ್ತಿದರೆ ಯಾವ ದೀಪವೂ ಉರಿಯುವುದಿಲ್ಲ: ಇದು ಬಲ್ಬಿನ ದೋಷವಲ್ಲ. ಹಝಾರ್ಡಿಗೆ ಸಾಮಾನ್ಯವಾಗಿ ಬೇರೆಯೇ ಫ್ಯೂಸ್ ಇರುತ್ತದೆ. ಆ ಫ್ಯೂಸ್ ಸರಿಯಿದ್ದರೆ ಮಾತ್ರ ಸ್ವಿಚ್ಚಿನ ಸಂಪರ್ಕಗಳನ್ನು ಸಂಶಯಿಸಬೇಕು. ಹೊಸ ಸ್ವಿಚ್ಚು ಬೇಕಾಗುವ ಸಂದರ್ಭ ಇದು.

(ಉ) ಒಂದು ಬದಿಯ ಇಂಡಿಕೇಟರ್ ಎಂದಿಗಿಂತ ವೇಗವಾಗಿ ಮಿನುಗುತ್ತದೆ: ಆ ಬದಿಯ ಹೊರಗಿನ ಒಂದು ಬಲ್ಬ್ ಸುಟ್ಟಿದೆ ಎಂಬುದರ ಗುರುತು ಇದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇಂಡಿಕೇಟರ್ ದೀಪಗಳು ನಿಮಿಷಕ್ಕೆ 60ಕ್ಕಿಂತ ಕಡಿಮೆಯಾಗದಂತೆ, 120ಕ್ಕಿಂತ ಹೆಚ್ಚಾಗದಂತೆ ಮಿನುಗಬೇಕು. ಗಡಿಯಾರ ಹಿಡಿದು ಎಣಿಸಿ ಇದನ್ನು ತಿಳಿಯಬಹುದು.

ಫ್ಯೂಸ್ ಪರೀಕ್ಷಿಸುವುದು ಸುಲಭ. ಬಣ್ಣದ ಪ್ಲಾಸ್ಟಿಕ್ಕಿನ ಚಪ್ಪಟೆ ಫ್ಯೂಸನ್ನು ಹೊರತೆಗೆದು ಬೆಳಕಿಗೆ ಹಿಡಿದರೆ ಒಳಗಿನ ಲೋಹದ ಪಟ್ಟಿ ತುಂಡಾಗಿದೆಯೇ ಎಂಬುದು ಕಾಣಿಸುತ್ತದೆ. ಬಣ್ಣವೇ ಅದರ ಸಾಮರ್ಥ್ಯವನ್ನು ಹೇಳುತ್ತದೆ: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಸುಟ್ಟ ಫ್ಯೂಸಿನ ಜಾಗದಲ್ಲಿ ಅದೇ ಬಣ್ಣದ, ಅದೇ ಸಂಖ್ಯೆಯ ಫ್ಯೂಸನ್ನೇ ಹಾಕತಕ್ಕದ್ದು.

5. ಸರಿಯಾದ ಬಲ್ಬಿನ ಆಯ್ಕೆ

ಅಂಗಡಿಗಳಲ್ಲಿ ಈ ಬಲ್ಬುಗಳನ್ನು ಮೀಟರ್ ಬಲ್ಬ್ ಅಥವಾ ಕ್ಯಾಪ್‌ಲೆಸ್ ಬಲ್ಬ್ ಎಂದು ಕೇಳುವುದು ರೂಢಿ. ಇವಕ್ಕೆ ಲೋಹದ ಟೋಪಿ ಇರುವುದಿಲ್ಲ. ಗಾಜಿನ ಬುಡವೇ ಚಪ್ಪಟೆಯಾಗಿದ್ದು, ಅದರಿಂದ ಹೊರಬಂದ ಎರಡು ಸಣ್ಣ ತಂತಿಗಳು ಎರಡು ಬದಿಗೆ ಮಡಚಿರುತ್ತವೆ. ಗಾಜಿನ ದಪ್ಪವನ್ನು ಅನುಸರಿಸಿ ಇವನ್ನು ಟಿ3, ಟಿ5, ಟಿ10 ಎಂದು ಕರೆಯುತ್ತಾರೆ. ಟಿ5 ಎಂದರೆ ಸುಮಾರು 5 ಮಿಲಿಮೀಟರ್ ದಪ್ಪದ್ದು, ಟಿ10 ಸುಮಾರು 10 ಮಿಲಿಮೀಟರಿನದು. ಸ್ವಿಚ್ಚುಗಳಲ್ಲಿ ಬಳಕೆಯಾಗುವುದು ಸಾಮಾನ್ಯವಾಗಿ ಸಣ್ಣ ಅಳತೆಯವು; ಟಿ10 ಪಾರ್ಕಿಂಗ್ ಹಾಗೂ ನಂಬರ್ ಪ್ಲೇಟಿನ ದೀಪಗಳಿಗೆ ಬಳಸುವಂಥದು. ಕೆಟ್ಟ ಬಲ್ಬನ್ನು ಅಂಗಡಿಗೆ ಒಯ್ದು ಹೋಲಿಸಿ ತರುವುದೇ ಅತ್ಯಂತ ಸುರಕ್ಷಿತ ವಿಧಾನ. ಬೆಲೆ ಕೆಲವೇ ರೂಪಾಯಿಗಳು.

ಮೂರು ಸಂಗತಿಗಳು ಹೊಂದಿಕೆಯಾಗಬೇಕು.

ವೋಲ್ಟೇಜ್: ಕಾರು, ಜೀಪು, ಸಣ್ಣ ಸರಕು ವಾಹನಗಳಲ್ಲಿ 12 ವೋಲ್ಟ್, ದೊಡ್ಡ ಲಾರಿ ಮತ್ತು ಬಸ್ಸುಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್. 24 ವೋಲ್ಟಿನ ಬಲ್ಬನ್ನು 12 ವೋಲ್ಟಿನ ವಾಹನಕ್ಕೆ ಹಾಕಿದರೆ ಮಂಕಾಗಿ ಉರಿಯುತ್ತದೆ. 12 ವೋಲ್ಟಿನದನ್ನು 24 ವೋಲ್ಟಿನ ವಾಹನಕ್ಕೆ ಹಾಕಿದರೆ ಬೇಗನೆ ಸುಟ್ಟುಹೋಗುತ್ತದೆ.

ವ್ಯಾಟ್: ಸ್ವಿಚ್ಚಿನ ಟಿ5 ಬಲ್ಬ್ ಬಹುತೇಕ 1.2 ವ್ಯಾಟಿನದು, ಅಂದರೆ ಅದು ಎಳೆಯುವುದು ಕೇವಲ 0.1 ಆಂಪಿಯರ್. ಅದೇ ಅಳತೆಯ ಬುಡದಲ್ಲಿ 2 ವ್ಯಾಟಿಗಿಂತ ಹೆಚ್ಚಿನ ಬಲ್ಬುಗಳೂ ದೊರೆಯುತ್ತವೆ. ಹೆಚ್ಚು ಬೆಳಕು ಬರಲೆಂದು ಅವನ್ನು ಹಾಕಿದರೆ ಗಾಳಿಯಾಡದ ಸ್ವಿಚ್ಚಿನೊಳಗೆ ಶಾಖ ಹೆಚ್ಚಿ ಪ್ಲಾಸ್ಟಿಕ್ ಕರಗುತ್ತದೆ. ಬಲ್ಬಿನ ಕೆಲಸ ಸ್ವಿಚ್ಚಿನ ಕೆಲಸವಾಗಿ ಪರಿಣಮಿಸುತ್ತದೆ.

ಬಣ್ಣ: ಕೆಲವು ಬಲ್ಬುಗಳ ಮೇಲೆ ಹಸಿರು ಅಥವಾ ನೀಲಿ ರಬ್ಬರ್ ಟೋಪಿ ಇರುತ್ತದೆ. ಬೆಳಕಿಗೆ ಬಣ್ಣ ಬರುವುದು ಅದರಿಂದ. ಹಳೆಯ ಬಲ್ಬನ್ನು ಎಸೆಯುವ ಮೊದಲು ಆ ಟೋಪಿಯನ್ನು ನಿಧಾನವಾಗಿ ತೆಗೆದು ಹೊಸ ಬಲ್ಬಿಗೆ ತೊಡಿಸಬೇಕು.

ಎಲ್‌ಇಡಿ ಬಲ್ಬುಗಳು ಕುಲುಕಾಟವನ್ನು ತಾಳುತ್ತವೆ, ಹೆಚ್ಚು ಕಾಲ ಬಾಳುತ್ತವೆ. ಆದರೆ ಫಿಲಮೆಂಟ್ ಬಲ್ಬಿನಂತೆ ಇವನ್ನು ಹೇಗೆ ಬೇಕಾದರೂ ಹಾಕಲಾಗದು. ಧನ ಮತ್ತು ಋಣ ತುದಿಗಳು ಅದಲು ಬದಲಾದರೆ ಉರಿಯುವುದಿಲ್ಲ. ಹೊಸ ಎಲ್‌ಇಡಿ ಉರಿಯದಿದ್ದರೆ ಅದು ಕೆಟ್ಟದ್ದೆಂದು ಎಸೆಯದೆ, ಹೊರತೆಗೆದು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ ನೋಡಬೇಕು.

6. ಬದಲಿಸುವ ಕ್ರಮ

ಬೇಕಾದ ಸಲಕರಣೆಗಳು: ಬ್ಯಾಟರಿ ತುದಿಗೆ ಹೊಂದುವ ಸ್ಪ್ಯಾನರ್, ಪ್ಲಾಸ್ಟಿಕ್ಕಿನ ಚಪ್ಪಟೆ ಪಟ್ಟಿ ಅಥವಾ ತುದಿಗೆ ಬಟ್ಟೆ ಸುತ್ತಿದ ಚಿಕ್ಕ ಸ್ಕ್ರೂಡ್ರೈವರ್, ಟಾರ್ಚ್, ಒಣ ಬಟ್ಟೆ ಮತ್ತು ಹೊಸ ಬಲ್ಬ್.

ಹಂತ 1. ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಕೀ ತೆಗೆಯಬೇಕು. ಬ್ಯಾಟರಿಯ ಋಣ ತುದಿಯ, ಅಂದರೆ ಕಳೆಯ ಗುರುತಿರುವ ಕಪ್ಪು ವೈರನ್ನು ಮೊದಲು ಬಿಚ್ಚಬೇಕು. ಋಣ ವೈರು ವಾಹನದ ಕಬ್ಬಿಣದ ಮೈಗೆ ಸೇರಿರುವುದರಿಂದ, ಮೊದಲು ಧನ ತುದಿಯನ್ನು ಬಿಚ್ಚಲು ಹೋಗಿ ಸ್ಪ್ಯಾನರ್ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಹಝಾರ್ಡ್ ಸ್ವಿಚ್ಚಿಗೆ ಕೀ ತೆಗೆದ ಮೇಲೂ ವಿದ್ಯುತ್ ಇರುವುದರಿಂದ ಈ ಹಂತವನ್ನು ಬಿಡುವಂತಿಲ್ಲ.

ಹಂತ 2. ಸ್ವಿಚ್ಚು ಡ್ಯಾಶ್‌ಬೋರ್ಡಿನಲ್ಲಿ ಎರಡು ಬದಿಯ ಪ್ಲಾಸ್ಟಿಕ್ ಕೊಕ್ಕೆಗಳಿಂದ ನಿಂತಿರುತ್ತದೆ. ಹಿಂಬದಿಗೆ ಕೈ ಹೋಗುವಂತಿದ್ದರೆ ಕೊಕ್ಕೆಗಳನ್ನು ಒಳಕ್ಕೆ ಒತ್ತಿ ಸ್ವಿಚ್ಚನ್ನು ಮುಂದಕ್ಕೆ ತಳ್ಳುವುದು ಉತ್ತಮ. ಹೋಗದಿದ್ದರೆ ಅಂಚಿನಲ್ಲಿ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಒಂದು ಬದಿ ಸ್ವಲ್ಪ, ಇನ್ನೊಂದು ಬದಿ ಸ್ವಲ್ಪ ಎಂಬಂತೆ ನಿಧಾನವಾಗಿ ಎಬ್ಬಿಸಬೇಕು. ಬಿಸಿಲಿಗೆ ಒಣಗಿದ ಹಳೆಯ ಪ್ಲಾಸ್ಟಿಕ್ ಸುಲಭವಾಗಿ ಮುರಿಯುತ್ತದೆ. ಕೆಲವು ವಾಹನಗಳಲ್ಲಿ ಸ್ವಿಚ್ಚುಗಳ ಸುತ್ತಲಿನ ಫಲಕವನ್ನೇ ಸ್ಕ್ರೂ ಬಿಚ್ಚಿ ತೆಗೆಯಬೇಕಾಗುತ್ತದೆ. ಸ್ವಿಚ್ಚು ಬರದಿದ್ದಾಗ ಬಲ ಹೆಚ್ಚಿಸುವ ಬದಲು ಎಲ್ಲಾದರೂ ಸ್ಕ್ರೂ ಅಡಗಿದೆಯೇ ಎಂದು ನೋಡಬೇಕು.

ಹಂತ 3. ಸ್ವಿಚ್ಚಿನ ಹಿಂದೆ ವೈರುಗಳ ಕಪ್ಲರ್ ಇರುತ್ತದೆ. ಅದರ ಚಿಲಕವನ್ನು ಬೆರಳಿನಿಂದ ಒತ್ತಿ ಹಿಡಿದು, ಕಪ್ಲರಿನ ಮೈಯನ್ನು ಹಿಡಿದು ಎಳೆಯಬೇಕು. ವೈರುಗಳನ್ನು ಹಿಡಿದು ಎಳೆಯುವಂತಿಲ್ಲ. ಒಂದಕ್ಕಿಂತ ಹೆಚ್ಚು ಸ್ವಿಚ್ಚು ಬಿಚ್ಚುವುದಾದರೆ ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದು ಒಳ್ಳೆಯದು.

ಹಂತ 4. ಸ್ವಿಚ್ಚಿನ ಹಿಂಬದಿಯಲ್ಲಿ, ಗೀರು ಇರುವ ಸಣ್ಣ ದುಂಡನೆಯ ಪ್ಲಾಸ್ಟಿಕ್ ಹೋಲ್ಡರ್ ಕಾಣಿಸುತ್ತದೆ. ಗೀರಿಗೆ ಸ್ಕ್ರೂಡ್ರೈವರ್ ಇಟ್ಟು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದರೆ ಬಲ್ಬ್ ಸಹಿತ ಹೊರಬರುತ್ತದೆ. ಅದರಿಂದ ಬಲ್ಬನ್ನು ನೇರವಾಗಿ ಎಳೆಯಬೇಕು. ತಿರುಚಿದರೆ ಗಾಜು ಒಡೆದು ಬೆರಳಿಗೆ ಗಾಯವಾಗುತ್ತದೆ. ಕೆಲವು ಬಲ್ಬುಗಳು ಹೋಲ್ಡರಿನೊಂದಿಗೆ ಒಂದೇ ತುಂಡಾಗಿರುತ್ತವೆ. ಅವನ್ನು ಹೋಲ್ಡರ್ ಸಮೇತ ಬದಲಿಸಬೇಕು.

ಹಂತ 5. ಬಲ್ಬನ್ನು ಬೆಳಕಿಗೆ ಹಿಡಿದು ಫಿಲಮೆಂಟ್ ತುಂಡಾಗಿದೆಯೇ ಎಂದು ನೋಡಬೇಕು. ಸ್ಪಷ್ಟವಾಗದಿದ್ದರೆ, ಪಕ್ಕದ ಸ್ವಿಚ್ಚಿನಲ್ಲಿ ಉರಿಯುತ್ತಿರುವ ಅದೇ ಬಗೆಯ ಬಲ್ಬನ್ನು ತೆಗೆದು ಇದರ ಜಾಗದಲ್ಲಿ ಹಾಕಿ, ಬ್ಯಾಟರಿ ಜೋಡಿಸಿ ಪರೀಕ್ಷಿಸಬಹುದು. ಒಳ್ಳೆಯ ಬಲ್ಬೂ ಅಲ್ಲಿ ಉರಿಯದಿದ್ದರೆ ದೋಷ ಬಲ್ಬಿನದಲ್ಲ. ಹೋಲ್ಡರಿನ ಅಥವಾ ವೈರಿನದು. ಖರ್ಚಿಲ್ಲದ ಈ ಪರೀಕ್ಷೆಯೊಂದರಿಂದಲೇ ಅನೇಕ ಅನಗತ್ಯ ಖರೀದಿಗಳು ತಪ್ಪುತ್ತವೆ.

ಹಂತ 6. ಹೋಲ್ಡರಿನ ಸಂಪರ್ಕ ಪಟ್ಟಿಗಳ ಮೇಲೆ ಹಸಿರು ಅಥವಾ ಬಿಳಿ ಪಾಚಿಯಂತಹ ತುಕ್ಕು ಇದ್ದರೆ ಒಣ ಬಟ್ಟೆಯಿಂದಾಗಲಿ ಪೆನ್ಸಿಲ್ ಅಳಿಸುವ ರಬ್ಬರಿನಿಂದಾಗಲಿ ಉಜ್ಜಿ ತೆಗೆಯಬೇಕು. ಕರಾವಳಿ ಮತ್ತು ಮಲೆನಾಡಿನ ತೇವದ ಗಾಳಿಯಲ್ಲಿ ಬಲ್ಬ್ ಕೆಡದೆಯೂ ಈ ತುಕ್ಕಿನಿಂದಲೇ ದೀಪ ಆರುವುದುಂಟು. ಹೊಸ ಬಲ್ಬನ್ನು ಒರೆಸಿ, ಅದರ ಎರಡು ತಂತಿಗಳು ಸಂಪರ್ಕ ಪಟ್ಟಿಗಳಿಗೆ ತಗುಲುವಂತೆ ನೇರವಾಗಿ ಒತ್ತಿ ಕೂರಿಸಬೇಕು.

ಹಂತ 7. ಹೋಲ್ಡರನ್ನು ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಬಿಗಿ ಮಾಡಿ, ಕಪ್ಲರ್ ಸೇರಿಸಿ, ಸ್ವಿಚ್ಚನ್ನು ಜಾಗದಲ್ಲಿ ಕೂರಿಸುವ ಮೊದಲೇ ಬ್ಯಾಟರಿ ಜೋಡಿಸಿ ಪರೀಕ್ಷಿಸಬೇಕು. ಉರಿದರೆ ಸ್ವಿಚ್ಚನ್ನು ಒಳಗೆ ಒತ್ತಿ, ಕೊಕ್ಕೆ ಕೂತ ಸದ್ದನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. ಕೊನೆಯಲ್ಲಿ ಹಝಾರ್ಡ್, ಎಡ ಮತ್ತು ಬಲ ಇಂಡಿಕೇಟರ್, ಪಾರ್ಕಿಂಗ್ ದೀಪ, ಹಾರ್ನ್ ಇವೆಲ್ಲವನ್ನೂ ಒಮ್ಮೆ ಪರೀಕ್ಷಿಸಬೇಕು.

7. ಮಾಡಬಾರದ ಕೆಲಸಗಳು

ಸುಟ್ಟ ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ, ಬೆಳ್ಳಿಯ ಬಣ್ಣದ ಹಾಳೆ ಅಥವಾ ಹೆಚ್ಚಿನ ಸಾಮರ್ಥ್ಯದ ಫ್ಯೂಸ್ ಹಾಕುವುದು ಅತ್ಯಂತ ಅಪಾಯಕಾರಿ. ವೈರು ಕಾದು ಉರಿಯುವ ಮೊದಲು ತಾನು ಕರಗಿ ವಿದ್ಯುತ್ತನ್ನು ಕಡಿಯುವುದೇ ಫ್ಯೂಸಿನ ಕೆಲಸ. ಅದನ್ನು ತಪ್ಪಿಸಿದರೆ ಡ್ಯಾಶ್‌ಬೋರ್ಡಿನೊಳಗೆ ಬೆಂಕಿ ಹೊತ್ತಬಹುದು. ಹಿಂದೆ ಒಣ ಕಾಗದ ಮತ್ತು ಪ್ಲಾಸ್ಟಿಕ್ ತುಂಬಿಕೊಂಡ ವಾಹನದಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಹೋಲ್ಡರ್ ಸಡಿಲವಾಗಿದೆಯೆಂದು ಬಲ್ಬಿನ ತಂತಿಗಳನ್ನು ವೈರಿಗೆ ನೇರವಾಗಿ ಸುತ್ತಿ ಟೇಪು ಹಚ್ಚುವುದು, ಸ್ವಿಚ್ಚಿನ ಬಲ್ಬಿಗೆ ಬೇರೆ ಕಡೆಯಿಂದ ವೈರು ಎಳೆಯುವುದು ಇವನ್ನೂ ಮಾಡಬಾರದು. ಇಂತಹ ಜೋಡಣೆ ಕುಲುಕಾಟದಲ್ಲಿ ಸಡಿಲಗೊಂಡು ಶಾರ್ಟ್ ಸರ್ಕ್ಯೂಟಿಗೆ ಕಾರಣವಾಗುತ್ತದೆ.

8. ಆಟೊ ಎಲೆಕ್ಟ್ರಿಷಿಯನ್ ಅಥವಾ ಸೇವಾ ಕೇಂದ್ರಕ್ಕೆ ಒಯ್ಯಬೇಕಾದ ಸಂದರ್ಭಗಳು

ವಾಹನ ವಾರಂಟಿ ಅವಧಿಯಲ್ಲಿದ್ದರೆ ಅಧಿಕೃತ ಸೇವಾ ಕೇಂದ್ರಕ್ಕೇ ಒಯ್ಯುವುದು ಸೂಕ್ತ. ಸ್ವಿಚ್ಚಿನ ಬೆಳಕು ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕಿದ ಎಲ್‌ಇಡಿಯಿಂದ ಬರುತ್ತಿದ್ದರೆ ಅದನ್ನು ಬಲ್ಬಿನಂತೆ ಬದಲಿಸಲಾಗದು. ಅಲ್ಲಿ ನುರಿತವರು ಬೆಸುಗೆ ಹಾಕಬೇಕು ಅಥವಾ ಸ್ವಿಚ್ಚನ್ನೇ ಬದಲಿಸಬೇಕು. ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಸುಟ್ಟರೆ, ಸುಟ್ಟ ವಾಸನೆ ಬಂದರೆ ಅಥವಾ ಕಪ್ಲರಿನ ಪ್ಲಾಸ್ಟಿಕ್ ಕರಗಿದ್ದರೆ ವಾಹನವನ್ನು ಓಡಿಸದೆ ಪರೀಕ್ಷೆಗೆ ಒಪ್ಪಿಸಬೇಕು. ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಸ್ಟಿಯರಿಂಗ್ ಸುತ್ತಮುತ್ತಲಿನ ಹಳದಿ ಬಣ್ಣದ ಕಪ್ಲರುಗಳನ್ನೂ, ವಿದ್ಯುತ್ ಚಾಲಿತ ವಾಹನಗಳಲ್ಲಿ ಕಿತ್ತಳೆ ಬಣ್ಣದ ಹೆಚ್ಚಿನ ವೋಲ್ಟೇಜಿನ ಕೇಬಲ್ಲುಗಳನ್ನೂ ತರಬೇತಿ ಇಲ್ಲದವರು ಮುಟ್ಟಬಾರದು.

9. ಮೀಟರ್ ಫಲಕದ ಎಚ್ಚರಿಕೆ ದೀಪಗಳು

ಸ್ವಿಚ್ಚಿನ ಬಲ್ಬಿನ ಜೊತೆಗೆ ಇವನ್ನೂ ಪ್ರತಿದಿನ ಗಮನಿಸಬೇಕು. ಎಂಜಿನ್ ಚಾಲೂ ಮಾಡುವ ಮೊದಲು ಕೀ ತಿರುಗಿಸಿದಾಗ ಆಯಿಲ್ ಮತ್ತು ಬ್ಯಾಟರಿಯ ಕೆಂಪು ದೀಪಗಳು ಉರಿಯಬೇಕು. ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಮೊದಲೇ ಉರಿಯದಿದ್ದರೆ ದೋಷವಿಲ್ಲವೆಂದು ಅರ್ಥವಲ್ಲ. ಎಚ್ಚರಿಸುವ ಬಲ್ಬೇ ಆರಿರಬಹುದು. ಆಯಿಲ್ ಒತ್ತಡ ಇಳಿದದ್ದು ತಿಳಿಯದೆ ವಾಹನ ಓಡಿಸಿದರೆ ಎಂಜಿನ್ ಹಿಡಿದುಕೊಂಡು ಭಾರೀ ವೆಚ್ಚಕ್ಕೆ ದಾರಿಯಾಗುತ್ತದೆ. ಕೆಲವು ವಾಹನಗಳಲ್ಲಿ ಆಲ್ಟರ್ನೇಟರಿಗೆ ಬೇಕಾದ ಆರಂಭಿಕ ವಿದ್ಯುತ್ ಬ್ಯಾಟರಿ ಎಚ್ಚರಿಕೆಯ ಬಲ್ಬಿನ ಮೂಲಕವೇ ಹರಿಯುತ್ತದೆ. ಅಲ್ಲಿ ಆ ಬಲ್ಬ್ ಸುಟ್ಟರೆ ಚಾರ್ಜಿಂಗೇ ನಿಲ್ಲಬಹುದು. ಅಂತಹ ಜಾಗದಲ್ಲಿ ಕಡಿಮೆ ವಿದ್ಯುತ್ ಎಳೆಯುವ ಎಲ್‌ಇಡಿಯನ್ನು ಹಾಕುವುದೂ ಸೂಕ್ತವಲ್ಲ.

10. ಬಿಲ್ಲು ಪಂಚಾಯತಿಯ ಮುಂದೆ ಬಂದಾಗ

ವಾಹನದ ವಿದ್ಯುತ್ ದುರಸ್ತಿಯ ಬೇಡಿಕೆ ಅಥವಾ ಬಿಲ್ಲು ಬಂದಾಗ ಸದಸ್ಯರು ಈ ಕೆಳಗಿನ ಪ್ರಶ್ನೆಗಳನ್ನು ಕೇಳಬಹುದಾಗಿದೆ:

(ಅ) ಆರಿದ್ದು ಒಂದು ದೀಪವೋ, ಎಲ್ಲ ದೀಪಗಳೋ?
(ಆ) ಫ್ಯೂಸ್ ಪರೀಕ್ಷಿಸಲಾಗಿದೆಯೇ?
(ಇ) ಉರಿಯುವ ಬಲ್ಬೊಂದನ್ನು ಅದೇ ಜಾಗದಲ್ಲಿ ಹಾಕಿ ನೋಡಲಾಗಿದೆಯೇ?
(ಈ) ಸ್ವಿಚ್ಚನ್ನೇ ಬದಲಿಸಿದ್ದರೆ ಅದರ ಸಂಪರ್ಕಗಳು ಕೆಟ್ಟಿದ್ದವೆಂದು ಹೇಗೆ ತಿಳಿದುಬಂತು?
(ಉ) ತೆಗೆದ ಹಳೆಯ ಭಾಗ ಎಲ್ಲಿದೆ?

ಈ ಪ್ರಶ್ನೆಗಳು ಚಾಲಕಿಯನ್ನಾಗಲಿ ಮೆಕ್ಯಾನಿಕನ್ನಾಗಲಿ ಸಂಶಯಿಸುವ ಉದ್ದೇಶದವಲ್ಲ. ಸರಿಯಾಗಿ ಕೆಲಸ ಮಾಡಿದವರು ಇವಕ್ಕೆ ಒಂದೊಂದು ವಾಕ್ಯದಲ್ಲಿ ಉತ್ತರಿಸಬಲ್ಲರು. ಆ ಉತ್ತರಗಳೇ ಮುಂದೆ ಲೆಕ್ಕಪರಿಶೋಧನೆಯಲ್ಲಿ ಪಂಚಾಯತಿಗೆ ಆಧಾರವಾಗುತ್ತವೆ. ಇದಕ್ಕೆ ಪ್ರತಿಯಾಗಿ, ಚಾಲಕಿ ದೋಷವನ್ನು ತಿಳಿಸಿದ ಮೇಲೂ ಕೆಲವೇ ರೂಪಾಯಿಗಳ ಬಲ್ಬಿಗೆ ಅನುಮೋದನೆ ದೊರೆಯದೆ ವಾರಗಳು ಕಳೆದಿದ್ದರೆ ಅದು ಆಡಳಿತದ ಲೋಪವೆನಿಸುತ್ತದೆ. ಸಣ್ಣ ದೋಷವನ್ನು ತಿಳಿಸಿದಾಗ ಆಕೆಯ ಮಾತಿಗೆ ಬೆಲೆ ಸಿಗದಿದ್ದರೆ, ದೊಡ್ಡ ದೋಷವನ್ನು ಆಕೆ ತಿಳಿಸುವುದು ತಡವಾಗುತ್ತದೆ.

11. ದಾಖಲೆ ಮತ್ತು ಮುನ್ನೆಚ್ಚರಿಕೆ

ವಾಹನದ ಲಾಗ್ ಪುಸ್ತಕದಲ್ಲಿ ದೋಷ ಕಂಡ ದಿನಾಂಕ, ಲಕ್ಷಣ, ಬದಲಿಸಿದ ಬಲ್ಬಿನ ವೋಲ್ಟ್ ಮತ್ತು ವ್ಯಾಟ್, ಬದಲಿಸಿದವರು, ರಶೀದಿಯ ಸಂಖ್ಯೆ ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಡುವುದು ಅಪೇಕ್ಷಣೀಯ. ಒಂದೇ ಬಲ್ಬ್ ಮತ್ತೆ ಮತ್ತೆ ಕೆಡುತ್ತಿರುವುದು ಈ ಸಾಲುಗಳಿಂದಲೇ ಬೆಳಕಿಗೆ ಬರುತ್ತದೆ.

ವಾಹನದಲ್ಲಿ ಒಂದು ಸಣ್ಣ ಡಬ್ಬಿಯಲ್ಲಿ ಎರಡು ಸ್ವಿಚ್ ಬಲ್ಬು, ಒಂದು ಇಂಡಿಕೇಟರ್ ಬಲ್ಬು, ವಾಹನಕ್ಕೆ ಹೊಂದುವ ಎರಡು ಮೂರು ಫ್ಯೂಸುಗಳು ಮತ್ತು ಟಾರ್ಚ್ ಇಟ್ಟಿರುವುದು ಒಳಿತು. ಬಲ್ಬುಗಳನ್ನು ಹತ್ತಿಯಲ್ಲಿ ಸುತ್ತಿಟ್ಟರೆ ಕುಲುಕಾಟಕ್ಕೆ ಒಡೆಯುವುದಿಲ್ಲ. ಬದಲಿಸಿದ ಹಳೆಯ ಬಲ್ಬನ್ನು ದಾಖಲಾತಿ ಮುಗಿದ ನಂತರ ಕಾಗದದಲ್ಲಿ ಸುತ್ತಿ, ತ್ಯಾಜ್ಯ ವಿಂಗಡಿಸುವವರ ಕೈಗೆ ಗಾಜು ತಾಗದಂತೆ ಪ್ರತ್ಯೇಕವಾಗಿ ಇರಿಸತಕ್ಕದ್ದು.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 56ರ ಪ್ರಕಾರ ಸಾರಿಗೆ ವಾಹನಗಳಿಗೆ ಅರ್ಹತಾ ಪ್ರಮಾಣ ಪತ್ರ ಅಗತ್ಯವಾಗಿದೆ. ಅದರ ನವೀಕರಣದ ತಪಾಸಣೆಯಲ್ಲಿ ದೀಪಗಳೂ ಸೇರಿರುತ್ತವೆ. ತಪಾಸಣೆಯ ಹಿಂದಿನ ದಿನ ಅವಸರದಲ್ಲಿ ಎಲ್ಲವನ್ನೂ ಬದಲಿಸುವುದಕ್ಕಿಂತ, ತಿಂಗಳಿಗೊಮ್ಮೆ ಸದಸ್ಯರೊಬ್ಬರ ಸಮಕ್ಷಮದಲ್ಲಿ ಮೇಲ್ಕಂಡ ಐದು ನಿಮಿಷಗಳ ಪರೀಕ್ಷೆಯನ್ನು ನಡೆಸಿ ಲಾಗ್ ಪುಸ್ತಕದಲ್ಲಿ ಸಹಿ ಮಾಡುವುದು ಕಡಿಮೆ ಖರ್ಚಿನ, ಹೆಚ್ಚು ಭದ್ರತೆಯ ಕ್ರಮವಾಗಿರುತ್ತದೆ. ಈ ವಿಷಯವನ್ನು ವಾಹನ ನಿರ್ವಹಣೆಯ ಹೊಣೆ ಹೊತ್ತ ಒಕ್ಕೂಟದ ಗಮನಕ್ಕೂ ತರುವುದು ಸೂಕ್ತ.